ಎರಡು ಕಾರ್ಡಿನ ಮಗು

ಊರಿಗೆಲ್ಲ ಬುದ್ಧಿ ಹೇಳುವುದೂ ಒಂದು ಚಟ. ನಶ್ಯದ ಹಾಗೆ, ಒಮ್ಮೆ ಹಿಡಿದರೆ ಬಿಡುವುದಿಲ್ಲ. ಕೇರಳದ ಗಡಿಯೂರು ಕುಂಜತ್ತೂರಿನಲ್ಲಿ ಮಾಸ್ತರನಾಗಿದ್ದ ನನಗೆ ಅದು ತೊಂಬತ್ತರ ದಶಕದ ಆರಂಭದಲ್ಲಿ ಅಂಟಿತು. ಮಕ್ಕಳ ಚುಚ್ಚುಮದ್ದಿನ ಬಗ್ಗೆ ಎಲ್ಲಿ ಸಭೆಯಾದರೂ ಭಾಷಣ ನನ್ನದೇ. "ತಾಯಂದಿರೇ, ಒಂದು ದಿನವೂ ತಡಮಾಡಬೇಡಿ!" ಎಂದು ಗುಡುಗಿದರೆ ಮುಂದಿನ ಸಾಲಿನ ಕೂಸುಗಳು ಸೂಜಿ ಕಾಣುವ ಮೊದಲೇ ಅಳುತ್ತಿದ್ದವು. ಮೊಮ್ಮಗನನ್ನು ಹತ್ತು ದಿನ ತಡವಾಗಿ ಕರೆದೊಯ್ದ ತಪ್ಪಿಗೆ ನೆರೆಮನೆಯ ಕಮಲಕ್ಕನನ್ನು ಬೇಲಿಯ ಬಳಿ ನಿಲ್ಲಿಸಿ ಅರ್ಧ ಗಂಟೆ ಕೊರೆದಿದ್ದೆ. ಪಾಪ, ಆಕೆ ತಲೆತಗ್ಗಿಸಿ ಕೇಳಿದ್ದರು.

ನನ್ನ ಮಗಳಿಗಾದರೋ ಚುಚ್ಚುಮದ್ದಿನ ಎರಡು ಕಾರ್ಡು. ಹುಟ್ಟಿದ್ದು ನನ್ನ ಹೆಂಡತಿಯ ತವರು ಮಂಗಳೂರಿನಲ್ಲಿ, ಹಾಗಾಗಿ ಅಲ್ಲಿಯದೊಂದು ಕನ್ನಡ ಕಾರ್ಡು. ಮನೆಗೆ ಬಂದ ಮೇಲೆ ಇಲ್ಲಿಯದೊಂದು ಮಲಯಾಳ ಕಾರ್ಡು. ಗಡಿಯಲ್ಲಿರುವವರಿಗೆ ಇದೊಂದು ಸೌಕರ್ಯ. ಬಸ್ಸು ಹತ್ತಿದರೆ ಆ ರಾಜ್ಯ, ಇಳಿದರೆ ಈ ರಾಜ್ಯ, ಎಲ್ಲಿ ಬೇಕಾದರೂ ಚುಚ್ಚಿಸಬಹುದು. ಎರಡು ಸರಕಾರಗಳು ಕಾಯುತ್ತಿರುವ ಮಗುವಿಗೆ ನಾನೇಕೆ ಕಾವಲು ಎಂದು ನಿಶ್ಚಿಂತನಾಗಿದ್ದೆ.

ಮಗಳಿಗೆ ಒಂದೂವರೆ ವರ್ಷವಾದಾಗ ಹತ್ತಿರದ ಬಂದ್ಯೋಡಿನ ಕಡೆ ದಡಾರ ಎದ್ದಿತು. ಮನೆಮನೆಗೆ ಬಂದ ನರ್ಸ್ ಮರ್ಸಿ ಬಾಯಿ, "ಮಾಷ್ಟ್ರೇ, ಮಗುವಿನ ಕಾರ್ಡು ಉಂಟಾ?" ಎಂದರು.

"ಒಂದಲ್ಲ, ಎರಡುಂಟು" ಎಂದು ಹೆಮ್ಮೆಯಿಂದ ಇಲ್ಲಿಯದನ್ನು ಕೊಟ್ಟೆ.

"ಒಂಬತ್ತು ತಿಂಗಳಿನದ್ದು, ದಡಾರದ್ದು, ಕಾಣುವುದಿಲ್ಲವಲ್ಲ?"

"ಅದು ಮಂಗಳೂರಲ್ಲಿ ಆಗಿದೆ. ಆಗ ನನ್ನ ಹೆಂಡತಿ ಮಗುವಿನ ಜೊತೆ ತಮ್ಮನ ಮದುವೆಗೆ ಅಲ್ಲಿದ್ದಳು."

ಅಡುಗೆಮನೆಯಿಂದ ಹೆಂಡತಿ ಹೊರಬಂದಳು. "ಎಂತ ಹೇಳ್ತೀರಿ ಮಾರಾಯ್ರೆ? ಅದನ್ನು ನಾವು ಹೊರಡುವ ಮೊದಲು ನೀವೇ ಇಲ್ಲಿ ಕೊಡಿಸಿದ್ದಲ್ವಾ?"

ಪೆಟ್ಟಿಗೆಯಿಂದ ಕನ್ನಡ ಕಾರ್ಡು ತೆಗೆದೆವು. ಅಲ್ಲಿಯೂ ದಡಾರದ ಚೌಕ ಖಾಲಿ. ಒಂಬತ್ತು ತಿಂಗಳಿಂದ ನನ್ನ ಮಗಳು ಎರಡು ರಾಜ್ಯಗಳ ನಡುವೆ ಬರಿಮೈಯಲ್ಲಿ ಓಡಾಡಿದ್ದಳು. ನಾನು ಆಗೆಲ್ಲ ಭಾಷಣ ಮಾಡುತ್ತಿದ್ದೆ.

ಮರುದಿನ ಚುಚ್ಚುಮದ್ದಿನ ಸಾಲಿನಲ್ಲಿ ನಮ್ಮ ಮುಂದೆ ಕಮಲಕ್ಕ, ಸೊಂಟದಲ್ಲಿ ಮೊಮ್ಮಗ, ಕೈಯಲ್ಲಿ ಪ್ಲಾಸ್ಟಿಕ್ ಹೊದಿಸಿದ ಕಾರ್ಡು. ವಿಷಯ ಅವರಿಗೆ ಆಗಲೇ ಗೊತ್ತಾಗಿತ್ತು. ಬೈದಿದ್ದರೆ ಚೆನ್ನಾಗಿತ್ತು. "ಹೆದರ್ಬೇಡಿ ಮಾಷ್ಟ್ರೇ, ತಡ ಆದ್ರೂ ಬಂದ್ರಲ್ಲ" ಎಂದರು. ಆಮೇಲೆ ಒಂದು ತಿಂಗಳು ಬೆಳಗೆದ್ದು ಮಗಳ ಹಣೆ, ಕಿವಿಯ ಹಿಂಭಾಗ ನೋಡುವುದೇ ನನ್ನ ಪೂಜೆಯಾಯಿತು. ದೇವರು ದೊಡ್ಡವನು, ಏನೂ ಏಳಲಿಲ್ಲ.

ಮುಂದಿನ ಸಭೆಗೂ ಕರೆ ಬಂತು. ಚಟ ನೋಡಿ, ಹೋದೆ. ಮೈಕು ಹಿಡಿದು "ತಾಯಂ..." ಎನ್ನುವಾಗ ಮುಂದಿನ ಸಾಲಿನಲ್ಲಿ ಕಮಲಕ್ಕ ಕಂಡರು. ಮಾತು ತಿರುಗಿಸಿ "ತಂದೆಯಂದಿರೇ" ಎಂದೆ. ಸಭೆ ತಿರುಗಿ ತಿರುಗಿ ನೋಡಿತು. ಅಲ್ಲಿ ತಂದೆ ಎನ್ನುವವನು ಒಬ್ಬನೇ ಇದ್ದ; ಮೈಕು ಅವನ ಕೈಯಲ್ಲಿತ್ತು.