ಆಕಾಶದಲ್ಲಿ ಹತ್ತು ನಿಮಿಷ

ತಾನಿಲ್ಲದಿದ್ದರೂ ಎರಡು ದಿನ ಮನೆ ಗಡಿಯಾರದ ಹಾಗೆ ನಡೆಯುತ್ತದೆ ಎಂದು ಟೀಚರಮ್ಮ ಸ್ಟಾಫ್ ರೂಮಿನಲ್ಲಿ ಎದೆ ತಟ್ಟಿಕೊಂಡು ಹೇಳಿದ್ದಳು. ದಂಡಯಾತ್ರೆಗೆ ಹೊರಟ ಸೇನಾಪತಿಗೂ ಅಷ್ಟು ಸಿದ್ಧತೆ ಇದ್ದಿರಲಿಕ್ಕಿಲ್ಲ. ಫ್ರಿಜ್ಜಿನಲ್ಲಿ ಊಟದ ಡಬ್ಬಗಳು ಹೊತ್ತಿನ ಪ್ರಕಾರ ಸಾಲಾಗಿ ನಿಂತಿದ್ದವು. ಮಗಳ ಕಾಲುಚೀಲಗಳು ಜೋಡಿಜೋಡಿಯಾಗಿ ಗಂಟು ಹಾಕಿಸಿಕೊಂಡಿದ್ದವು. ಇದನ್ನೆಲ್ಲ ಮುಗಿಸಿಯೇ ಹೊರಡಬೇಕೆಂದು ಅವಳು ಬೆಳಗಿನ ವಿಮಾನ ಬಿಟ್ಟು ಮಧ್ಯಾಹ್ನದ್ದಕ್ಕೆ ಟಿಕೆಟ್ ತೆಗೆದಿದ್ದಳು.

ಅದರಿಂದ ತೊಂದರೆ ಒಂದೇ. ಅವಳು ಇಳಿಯುವ ಮೊದಲೇ ಅಮ್ಮನ ಹೃದಯದ ಆಪರೇಷನ್ ಶುರುವಾಗಿರುತ್ತಿತ್ತು.

"ಪರವಾಗಿಲ್ಲ ಬಿಡೇ," ಎಂದಿದ್ದಳು ಅಮ್ಮ. "ಒಳಗೆ ಕರ್ಕೊಂಡು ಹೋಗೋ ಮುಂಚೆ ಒಂದ್ಸಲ ನಿನ್ನ ದನಿ ಕೇಳಿದ್ರೆ ಸಾಕು. ಉಳಿಯೋದು ಅರ್ಧಕ್ಕರ್ಧ ಅಂದಿದ್ದಾರೆ ಡಾಕ್ಟರು. ಅರ್ಧ ಮಾರ್ಕ್ಸ್ ಬಂದ್ರೆ ಪಾಸೇ ಅಲ್ವೇನೇ?"

ದನಿ ಕೇಳಿಸುವುದಕ್ಕೆ ದಾರಿಯಿತ್ತು. ಆ ವಿಮಾನದಲ್ಲಿ ಫೋನಿನಲ್ಲಿ ಮಾತಾಡಬಹುದಾಗಿತ್ತು. ಗದ್ದಲವಾಗದಿರಲೆಂದು ಒಬ್ಬರಿಗೆ ಹತ್ತೇ ನಿಮಿಷ. ಮಾಡಿದ ಕರೆಯೂ ಲೆಕ್ಕ, ಬಂದ ಕರೆಯೂ ಲೆಕ್ಕ. ಮೂರೂವರೆಗೆ ತಪಾಸಣೆ ಮುಗಿಸಿ ಅಮ್ಮನ ಕೈಗೆ ಫೋನ್ ಕೊಡುತ್ತೇವೆ, ಆಮೇಲೆ ಸ್ವಲ್ಪ ಹೊತ್ತಿಗೇ ಥಿಯೇಟರಿಗೆ ಒಯ್ಯುತ್ತೇವೆ ಎಂದು ನರ್ಸ್ ಹೇಳಿದ್ದಳು.

ಕಿಟಕಿ ಪಕ್ಕದಲ್ಲಿ ಕೂತಿದ್ದ ವಯಸ್ಸಾದ ವಕೀಲರಿಗೆ ಈ ಏರ್ಪಾಡು ಹಿಡಿಸಿರಲಿಲ್ಲ.

"ನೆಲ ಬಿಟ್ಟ ಮೇಲಾದ್ರೂ ಮನುಷ್ಯ ಯಾರ ಕೈಗೂ ಸಿಗಬಾರದಮ್ಮ. ವಿಮಾನದಲ್ಲಿ ಫೋನು ಬಿಟ್ಟಿದ್ದೇ ತಪ್ಪು."

"ನಮ್ಮಮ್ಮನಿಗೆ ಆಪರೇಷನ್ ಸಾರ್. ಅವಳ ಜೊತೆ ಮಾತಾಡ್ಬೇಕು."

"ಹಾಗಾದ್ರೆ ನನ್ನ ಆಕ್ಷೇಪಣೆ ವಾಪಸ್ಸು," ಎಂದು ಅವರು ಕಣ್ಣು ಮುಚ್ಚಿದರು.

ಮೂರು ದಾಟುತ್ತಲೇ ಫೋನ್ ಬಡಿದುಕೊಂಡಿತು. ಗಂಡ. ಆಸ್ಪತ್ರೆಯವರು ಮನೆಗೇನಾದರೂ ಹೇಳಿದರೋ ಎಂದು ತಟ್ಟನೆ ಎತ್ತಿದಳು.

"ಏನಿಲ್ಲ, ನಿನಗೆ ಹೆಲ್ಪ್ ಆಗ್ಲಿ ಅಂತ ಮೆಷೀನಿಗೆ ಬಟ್ಟೆ ಹಾಕಿದೀನಿ. ಸೋಪಿನ ಪುಡಿ ಎಲ್ಲಿದೆ?"

ಗಂಡನ ಒಂದೊಂದು ಹೆಲ್ಪಿನ ಬೆನ್ನಿಗೂ ಅವಳಿಗೆ ಒಂದು ವಾರದ ಕೆಲಸ ಇರುತ್ತಿತ್ತು.

"ಮೆಷೀನ್ ಮೇಲಿನ ಡಬ್ಬದಲ್ಲಿ. ಸೋಪಿನ ಪುಡಿ ಅಂತ ಬರೆದಿದೀನಲ್ಲ ರೀ."

"ಅದರಲ್ಲೇ ಇದೆಯಾ? ನಮ್ಮನೇಲಿ ಡಬ್ಬದ ಮೇಲಿರೋದು ಯಾವತ್ತು ಒಳಗಿರುತ್ತೆ? ಬೇರೇನೋ ಇರ್ಬೇಕು ಅಂತ ಪಾತ್ರೆ ತೊಳೆಯೋ ಲಿಕ್ವಿಡ್ ಹಾಕ್ಬಿಟ್ಟೆ. ಅರ್ಧ ಬಾಟ್ಲು. ಎರಡೂ ಸೋಪೇ ತಾನೇ?"

ನಿಲ್ಲಿಸಿ, ಈಗಲೇ ನಿಲ್ಲಿಸಿ ಎಂದು ಹೇಳಿ ಇಟ್ಟಳು. ಅವಳು ಮೋಡ ನೋಡುತ್ತ ಉಸಿರು ಬಿಡುವಷ್ಟರಲ್ಲಿ ಎರಡನೆಯ ಕರೆ.

"ನೊರೆ ಹಾಲ್‌ಗೆ ಬಂತು ಕಣೇ. ನಿಲ್ಸಿದೆ, ಆದ್ರೂ ಬರ್ತಿದೆ. ಮೆಷೀನಿನ ಬಾಗಿಲು ತೆಗೀತಾ ಇಲ್ಲ. ಪುಟ್ಟಿ ಯೂನಿಫಾರಂ ಒಳಗಿದೆ. ಪುಟ್ಟಿ ಹೊರಗಿದ್ದಾಳೆ, ನೊರೆಯಲ್ಲಿ ಗಡ್ಡ ಮಾಡ್ಕೊಂಡು ಕೂತಿದ್ದಾಳೆ."

ಗಂಡನ ದನಿ ಫೋನಿನಾಚೆಗೂ ಮೂರು ಸಾಲು ಸೀಟುಗಳವರೆಗೆ ಕೇಳುತ್ತಿತ್ತು. ಹಿಂದಿನ ಸೀಟಿನಿಂದ ಒಂದು ತಲೆ ಎದ್ದಿತು. "ಉಪ್ಪು ಎರಚೋಕೆ ಹೇಳಿ, ನೊರೆ ಕೂತ್ಕೊಳ್ಳುತ್ತೆ."

"ಉಪ್ಪು ಹಾಕಿ ರೀ."

"ಉಪ್ಪು ಎಲ್ಲಿದೆ?"

ವಕೀಲರು ಕಣ್ಣು ಬಿಟ್ಟರು. "ಮನೇಲಿ ಉಪ್ಪು ಎಲ್ಲಿದೆ ಅಂತ ಆಕಾಶನ ಕೇಳೋ ಕಾಲ ಬಂತು."

ಒಲೆಯ ಎಡಕ್ಕೆ, ಅಲ್ಲ, ನಿಮ್ಮ ಎಡಕ್ಕೆ, ಕೆಳಗಿನ ಶೆಲ್ಫು, ಅದು ಸಕ್ಕರೆ, ಅದರ ಹಿಂದೆ. ತಾನು ದಿನಕ್ಕೆ ಹತ್ತು ಸಲ ಕಣ್ಣು ಮುಚ್ಚಿ ಕೈ ಹಾಕುವ ಜಾಗಕ್ಕೆ ಇನ್ನೊಬ್ಬರನ್ನು ಕರೆದೊಯ್ಯಲು ಇಷ್ಟು ಮಾತು ಬೇಕೆಂದು ಅವಳಿಗೆ ಅಂದೇ ಗೊತ್ತಾದದ್ದು. ಉಪ್ಪು ಸಿಗುವ ಹೊತ್ತಿಗೆ ಅಮ್ಮನಿಗೆಂದು ಎರಡೇ ನಿಮಿಷ ಉಳಿದಿತ್ತು. ಎರಡು ನಿಮಿಷ ಕಡಿಮೆಯೇನಲ್ಲ. ಹೆದರಬೇಡ ಎನ್ನಬಹುದು, ಸಂಜೆ ಬರುತ್ತೇನೆ ಎನ್ನಬಹುದು.

ಮೂರನೆಯ ಕರೆ ಎತ್ತಬಾರದೆಂದು ಫೋನನ್ನು ತೊಡೆಯ ಕೆಳಗೆ ಒತ್ತಿ ಹಿಡಿದಳು. ಅದು ನಿಂತು ಮತ್ತೆ ಹೊಡೆದುಕೊಂಡಿತು. ನೀರು, ಕರೆಂಟು, ನಡುವೆ ಮಗಳು ಕಣ್ಣಿಗೆ ಕಟ್ಟಿದಂತಾಯಿತು. ಎತ್ತಿದಳು.

"ಕೆಳಗಿನ ಮನೆಯವರು ಬಂದು ಬಾಗಿಲಲ್ಲಿ ನಿಂತಿದ್ದಾರೆ. ಅವರ ಲೈಟಿನಿಂದ ನೀರು ತೊಟ್ಟಿಕ್ತಾ ಇದೆಯಂತೆ. ನೀನೇ ಸ್ವಲ್ಪ ಅವರ ಹತ್ರ ಸಾರಿ ಕೇಳು..."

"ಅಯ್ಯೋ, ಮೊದಲು ಪುಟ್ಟೀನ ಹೊರಗೆ ಕಳಿಸಿ, ಮೇನ್ ಸ್ವಿಚ್..."

ಟಕ್ಕೆಂದು ಮಾತು ಕಡಿಯಿತು. ನಿಮ್ಮ ಅವಧಿ ಮುಗಿದಿದೆ, ಧನ್ಯವಾದ ಎಂದು ಹೆಣ್ಣುದನಿಯೊಂದು ಮೃದುವಾಗಿ ಹೇಳಿತು.

ಆಗ ಗಂಟೆ ಮೂರೂವರೆ.

ಗಗನಸಖಿ ಬಗ್ಗಿ ನಿಂತು, ನಿಯಮ ಮೇಡಂ ಎಂದಳು. ಟೀಚರಮ್ಮನ ಕಣ್ಣಲ್ಲಿ ನೀರಾಡಿದ್ದು ನೋಡಿ ವಕೀಲರು ತಮ್ಮ ಫೋನನ್ನು ಅವಳ ಮಡಿಲಿಗೆ ಹಾಕಿದರು. "ನನ್ನ ಹತ್ತೂ ನಿಮಿಷ ಹಾಗೇ ಇದೆ. ನನಗೆ ಫೋನ್ ಮಾಡೋರು ಯಾರೂ ಇಲ್ಲ. ತಗೊಳ್ಳಮ್ಮ."

ಅಮ್ಮನ ನಂಬರು ಒತ್ತಿದಳು. ಎಂಗೇಜ್. ಮತ್ತೆ ಒತ್ತಿದಳು. ಎಂಗೇಜ್. ಒಬ್ಬಳೇ ಮಗಳು ತಾನು. ಈ ಹೊತ್ತಿನಲ್ಲಿ ಅಮ್ಮ ಯಾರ ಜೊತೆ ಮಾತಾಡುತ್ತಿದ್ದಾಳೆ? ಒತ್ತಿ ಒತ್ತಿ ಬೆರಳು ಬೆವರಿತು. ಕೊನೆಗೊಮ್ಮೆ ರಿಂಗಾಯಿತು. ಎತ್ತಿದ್ದು ನರ್ಸ್.

"ಈಗಷ್ಟೇ ಒಳಗೆ ಕರ್ಕೊಂಡು ಹೋದ್ರು ಮೇಡಂ. ಫೋನು ನನ್ನ ಕೈಗೆ ಕೊಟ್ರು."

"ಯಾರ ಜೊತೆ ಮಾತಾಡ್ತಿದ್ರು?"

"ಅಳಿಯಂದಿರ ಜೊತೆ. ನಿಮ್ಮ ಫೋನು ಹೋಗ್ತಿಲ್ಲ ಅಂತ ಇಲ್ಲಿಗೆ ಮಾಡಿದ್ರಂತೆ. ಸ್ಟ್ರೆಚರ್ ಮೇಲೆ ಮಲಗಿಸಿದ್ರೂ ಬಿಡಲಿಲ್ಲ ನೋಡಿ ಅಮ್ಮ. ಮೆಷೀನಿನ ಕೆಳಗೆ ಸಣ್ಣ ಮುಚ್ಚಳ ಇದೆ, ನೀರು ಬಿಟ್ರೆ ಬಾಗಿಲು ತೆಗೆಯುತ್ತೆ, ನಿಮ್ಮನೆಗೆ ಬಂದಾಗ ನಾನೇ ತೆಗೆದಿದ್ದೆ ಅಂತ ಲಿಫ್ಟಿನವರೆಗೂ ಹೇಳ್ತಾನೇ ಇದ್ರು."

"ನನಗೆ... ನನಗೇನಾದ್ರೂ ಹೇಳಿದ್ರಾ?"

"ಹೇಳಿದ್ರು. ಬಾಗಿಲು ತೆಗೀತಂತೆ, ಚಿಂತೆ ಮಾಡಬೇಡ ಅಂತ ಹೇಳೋಕೆ ಹೇಳಿದ್ರು."

ಅವಳು ಫೋನನ್ನು ಸೆರಗಿನಿಂದ ಒರೆಸಿ ವಕೀಲರಿಗೆ ಹಿಂತಿರುಗಿಸಿದಳು.

"ಅಮ್ಮ ಸಿಕ್ಕಿದ್ರೇನಮ್ಮ?"

"ಸಿಕ್ಕಿದ್ರು ಸಾರ್," ಎಂದಳು. "ನಮ್ಮ ಮನೆಯವರಿಗೆ."