ಕುತ್ತಿಗೆ ಇಳಿಸಿದ ಅಪರಾಧ

ನಮ್ಮ ಬೀದಿಯ ಮೊಬೈಲ್ ಗುಂಪಿನಲ್ಲಿ ಹಗಲಿರುಳೆನ್ನದೆ ಮಾತು ಜರಡಿ ಹಿಡಿಯುತ್ತಿರುವ ಯಂತ್ರ ಮಹಾಶಯರ ಸನ್ನಿಧಿಗೆ, ಮೂಲೆಯಂಗಡಿಯ ದರ್ಜಿ ಹೆಂಗಸು ಸೂಜಿ ಕೆಳಗಿಟ್ಟು, ಎರಡೂ ಕೈ ಜೋಡಿಸಿ ಮಾಡುವ ವಿಜ್ಞಾಪನೆ.

ಮಾನ್ಯರೇ,

ತಾವು ಕ್ಷೇಮವೆಂದು ಭಾವಿಸುತ್ತೇನೆ. ತಮಗೆ ನೆಗಡಿ, ನಾಚಿಕೆ ಇವೆರಡೂ ಬಾರವೆಂದು ಕೇಳಿದ್ದೇನೆ. ಕಳೆದ ವಾರ ನಾನು ಗಿರಾಕಿಯೊಬ್ಬರಿಗೆ, "ನಿಮ್ಮ ತೋಳು ಕತ್ತರಿಸಿದ್ದೇನೆ, ಕುತ್ತಿಗೆಯನ್ನೂ ಎರಡು ಇಂಚು ಇಳಿಸಿದ್ದೇನೆ, ಬಂದು ಒಯ್ಯಿರಿ" ಎಂದು ಬರೆದಾಗ, ತಾವು ಅದನ್ನು ಕೊಲೆ ಬೆದರಿಕೆಯೆಂದು ಅಳಿಸಿ ನನ್ನನ್ನು ಮೂರು ದಿನ ಮೂಕಿಯಾಗಿಸಿದಿರಿ. ಗಿರಾಕಿಯ ಪ್ರಾಣ ಉಳಿಯಿತು. ಅಂಗಿಯೂ ನನ್ನಲ್ಲೇ ಉಳಿಯಿತು. ತಮ್ಮ ಜಾಗರೂಕತೆಗೆ ಶರಣು.

ಅದೇ ದಿನ ಎದುರು ಮಹಡಿಯ ನಿವೃತ್ತ ಗುಮಾಸ್ತರು, ಬೇರೆ ಊರಿನಿಂದ ಬಂದು ಬೇಕರಿ ತೆರೆದ ಸಂಸಾರದ ಬಗ್ಗೆ, "ನಮ್ಮ ಬೀದಿಗೆ ಗೆದ್ದಲು ಹತ್ತಿದೆ, ಸ್ವಚ್ಛತೆಗಾಗಿ ದಯವಿಟ್ಟು ಯಾರೂ ಇವರ ಅಂಗಡಿಗೆ ಹೋಗದಿರೋಣ" ಎಂದು ಬರೆದರು. 'ದಯವಿಟ್ಟು' ಕಂಡು ಕರಗಿದ ತಾವು ಅದಕ್ಕೆ 'ಸಭ್ಯ ಬರಹ' ಎಂಬ ಹಸಿರು ಮುದ್ರೆ ಒತ್ತಿದಿರಿ. ಮಾರನೆಯ ದಿನದಿಂದ ಬೇಕರಿಯ ಕಪಾಟಿನಲ್ಲಿ ಬನ್ನುಗಳು ಒಣಗತೊಡಗಿದವು, ಬೇಕರಿಯಾಕೆ ತಲೆ ಎತ್ತಿ ನಡೆಯುವುದನ್ನೇ ಬಿಟ್ಟಳು. ಮೂರು ದಿನ ಕಳೆದು ನಾನು "ನಾಚಿಕೆಯಾಗಬೇಕು" ಎಂದೊಂದು ಉತ್ತರ ಬರೆದರೆ ಅದು ನಿಂದನೆಯಾಗಿ, ನನ್ನ ಬಾಯಿಗೆ ಇನ್ನೊಂದು ವಾರ ಬೀಗ ಬಿತ್ತು.

ಪುಣ್ಯಕ್ಕೆ ತಮ್ಮ ಬೀಗ ನನ್ನ ಅಂಗಡಿಯ ಬಾಗಿಲಿಗೆ ಹೊಂದುವುದಿಲ್ಲ. ಮೊನ್ನೆ ಬೇಕರಿಯಾಕೆ ಅಳತೆ ಕೊಡುತ್ತ ನಿಂತಿದ್ದಾಗ ಅದೇ ಗುಮಾಸ್ತರು ಪ್ಯಾಂಟಿನ ಸೊಂಟ ಸಡಿಲಿಸಲು ಬಂದರು. ನಾನು ಅವರ ಬರಹವನ್ನು ಮೊಬೈಲಿನಲ್ಲಿ ತೆರೆದು, "ಇವರ ಮುಖ ನೋಡಿ ಒಂದ್ಸಲ ಓದಿಬಿಡಿ ಅಣ್ಣಾ, ಸಭ್ಯವಾಗೇ ಇದೆಯಲ್ಲ" ಎಂದೆ. ಅವರು ಕನ್ನಡಕ ತೆಗೆದು ಒರೆಸಿದರು. "ಬರೆಯೋವಾಗ ಎದುರಿಗೆ ಯಾರೂ ಇರಲಿಲ್ಲಮ್ಮ" ಎಂದರು.

"ಈಗ ಇದೀನಲ್ಲ, ಓದಿ" ಎಂದಳು ಆಕೆ.

ಓದಲಾಗಲಿಲ್ಲ. ಅಲ್ಲೇ ನಿಂತು ತಮ್ಮ ಮೊಬೈಲ್ ತೆಗೆದು ಅದನ್ನು ಕೈಯಾರೆ ಅಳಿಸಿದರು. ಆಮೇಲೆ ಆಕೆಯ ಹಿಂದೆಯೇ ಹೋಗಿ ಆರು ಬನ್ನು ಕೊಂಡರು. ಕಲ್ಲಿನಂತಿದ್ದವಂತೆ, ಆರನ್ನೂ ತಿಂದರಂತೆ.

ಆದ್ದರಿಂದ ತಾವು ದೊಡ್ಡ ಮನಸ್ಸು ಮಾಡಿ ಒಂದು ಜೊತೆ ಕಣ್ಣು, ಒಂದು ಜೊತೆ ಕಿವಿ ಹಾಗೂ ಸಾಧ್ಯವಾದರೆ ಒಬ್ಬ ಓರಗಿತ್ತಿಯನ್ನು ಸಂಪಾದಿಸಿಕೊಳ್ಳಬೇಕೆಂದು ಕೋರುತ್ತೇನೆ. ಮೆತ್ತಗಿನ ಮಾತಿನಲ್ಲಿ ಎಷ್ಟು ವಿಷ ಹಿಡಿಸುತ್ತದೆಂಬುದನ್ನು ಆಕೆ ಒಂದೇ ಮಧ್ಯಾಹ್ನದಲ್ಲಿ ಕಲಿಸಿಕೊಡುತ್ತಾಳೆ.

ತಮ್ಮ ಕೃಪೆಯಿಂದ ಇನ್ನೂ ಎರಡು ದಿನ ಮೂಕಿಯಾಗಿರುವ,
ತಮ್ಮ ವಿಶ್ವಾಸಿ,
ಮೂಲೆಯಂಗಡಿಯ ದರ್ಜಿ

ತಾ.ಕ.: ಈ ಪತ್ರವನ್ನು ಗುಂಪಿನಲ್ಲಿ ಹಾಕಲು ತಾವು ಬಿಡದ ಕಾರಣ ಬೇಕರಿಯ ಗಾಜಿಗೆ ಅಂಟಿಸಿದ್ದೇನೆ. ಓದಲು ನಿಂತವರು ಯಾರೂ ಬರಿಗೈಯಲ್ಲಿ ಹೋಗುತ್ತಿಲ್ಲ. ನನ್ನ ಮೇಲಿನ ನಿಷೇಧವನ್ನು ಇನ್ನೊಂದು ತಿಂಗಳು ಮುಂದುವರಿಸಿದರೆ ಮಹದುಪಕಾರವಾದೀತು.