ಸವಳು ಬಾವಿಯ ಕಾಪಿರೈಟು

ನನ್ನ ಜೀವನದ ದೊಡ್ಡ ಕೊರತೆ ಯಾವುದೆಂದು ಯಾರಾದರೂ ಕೇಳಿದ್ದರೆ, ನನಗೆ ವಿರೋಧಿಗಳಿಲ್ಲ ಎಂದು ಹೇಳುತ್ತಿದ್ದೆ. ಯಾರೂ ಕೇಳಲಿಲ್ಲ. ಟೀಕೆ ಬರೆಯುವವನಿಗೆ ಓದುಗರಿಲ್ಲದಿದ್ದರೂ ನಡೆಯುತ್ತದೆ; ವಿರೋಧಿಗಳಿಲ್ಲದಿದ್ದರೆ ಉಂಡದ್ದು ಮೈಗೆ ಹತ್ತುವುದಿಲ್ಲ. ನವಲಗುಂದ ತಾಲೂಕಿನ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ಇಪ್ಪತ್ತೈದು ವರ್ಷದಿಂದ ಕನ್ನಡ ಕಲಿಸುತ್ತಿದ್ದೇನೆ; ಉಳಿದ ಹೊತ್ತಿನಲ್ಲಿ ಒಂದು ಜಾಲತಾಣ ನಡೆಸುತ್ತ ಒಂಬತ್ತು ವರ್ಷ ಕಳೆದಿದ್ದೇನೆ. ಮಾಟದ ಲಿಂಬೆಹಣ್ಣು, ಮಳೆಗಾಗಿ ಮಾಡುವ ಕತ್ತೆಗಳ ಮದುವೆ, ವಾಸ್ತುವಿನ ಪ್ರಕಾರ ಬಾಗಿಲು ಕಿತ್ತು ಕೊನೆಗೆ ಕಿಟಕಿಯಿಂದ ಓಡಾಡುವ ಮನೆಗಳು, ಯಾವುದನ್ನೂ ಬಿಡದೆ ಕಠೋರವಾಗಿ ಬರೆದೆ. ಯಾರೂ ಬೈಯಲಿಲ್ಲ. ಯಾರ ವಿರುದ್ಧ ಬರೆದೆನೋ ಅವರೇ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕು, "ಭಾಳ ಛಲೋ ಬರದೀರಿ ಸರ, ನಮ್ಮ ಮನಿ ಫೋಟೋ ಅಗದಿ ಸ್ವಚ್ಛ ಬಂದೈತಿ" ಎಂದು ಚಹಾ ಕುಡಿಸಿ ಕಳಿಸುತ್ತಿದ್ದರು.

ಹೀಗಿರುವಾಗ ಒಂದು ಮುಂಜಾನೆ ಇಂಗ್ಲಿಷಿನಲ್ಲಿ ಒಂದು ಇ-ಮೇಲ್ ಬಂತು. ಜಾಲತಾಣಕ್ಕೆ ಜಾಗ ಕೊಟ್ಟ ಕಂಪನಿಯದು. ನನ್ನ ಮೂರು ಲೇಖನಗಳ ಮೇಲೆ ಹಕ್ಕುಸ್ವಾಮ್ಯದ ತಕರಾರು ಬಂದಿದೆ, ಮೂರನ್ನೂ ತೆಗೆದಿದ್ದೇವೆ, ಹತ್ತು ದಿನದೊಳಗೆ ಸರಿಯಾದ ಉತ್ತರ ಬರದಿದ್ದರೆ ಇಡೀ ಜಾಲತಾಣವನ್ನೇ ಮುಚ್ಚುತ್ತೇವೆ ಎಂದಿತ್ತು. ತಕರಾರು ಮಾಡಿದ್ದು ನಮ್ಮೂರ ಹತ್ತಿರದ ಒಂದು ಮಠ. ಅದರ ಹೆಸರು ಹೇಳುವುದಿಲ್ಲ. ಹೆಸರಿಗೂ ಹಕ್ಕುಸ್ವಾಮ್ಯ ಇದ್ದರೆ ನನ್ನ ಗತಿ ಏನು? ನಾನು ಅಡುಗೆಮನೆಗೆ ಓಡಿ, ರೊಟ್ಟಿ ಬಡಿಯುತ್ತಿದ್ದ ಹೆಂಡತಿ ಗಿರಿಜಾಳಿಗೆ, "ಮಠದವರು ನನ್ನ ಮ್ಯಾಲ ತಕರಾರು ಮಾಡ್ಯಾರ!" ಎಂದೆ.

"ನೌಕರಿ ಹತ್ತಿದಾಗೂ ನೀವು ಹಿಂಗ ಕುಣದಿದ್ದಿಲ್ಲ ನೋಡ್ರಿ" ಎಂದಳು.

ತಕರಾರಿಗೆ ಕಾರಣ ಒಂದು ಬಾವಿ. ನಮ್ಮ ಸೀಮೆಯ ಕರಿಮಣ್ಣು ಹತ್ತಿ, ಜೋಳ, ಕಡಲೆ ಎಲ್ಲವನ್ನೂ ಕೊಡುತ್ತದೆ, ಕುಡಿಯುವ ನೀರೊಂದನ್ನು ಬಿಟ್ಟು. ಎಲ್ಲಿ ತೋಡಿದರೂ ಸವಳು. ಬಾಯಿಗೆ ಹಾಕಿದರೆ ಉಪ್ಪು. ಆದರೆ ಮಠ ಇಪ್ಪತ್ನಾಲ್ಕು ವರ್ಷದ ಹಿಂದೆ ಅಚ್ಚು ಹಾಕಿಸಿದ ಸ್ಮರಣ ಸಂಚಿಕೆಯ ಪ್ರಕಾರ, ಮಠವನ್ನು ಕಟ್ಟಿದ ಹಿರಿಯ ಅಜ್ಜಾರು, ಅಂದರೆ ಮೊದಲ ಸ್ವಾಮಿಗಳು, ಅಂಗಳದ ಬಾವಿಗೆ ತಮ್ಮ ಬೆತ್ತ ಇಳಿಬಿಟ್ಟರು, ಸವಳು ನೀರು ಸಿಹಿಯಾಯಿತು. ಎಷ್ಟು ಸಿಹಿಯೆಂದರೆ ಸುತ್ತಲಿನ ಮೂರು ಊರಿನ ಬೆಲ್ಲದ ವ್ಯಾಪಾರಿಗಳು ಅಂಗಡಿ ಮುಚ್ಚಿದರು. ಇದನ್ನು ಹೇಳುವ ಆರೂ ಪುಟಗಳ ಫೋಟೋ ಹಾಕಿ ನಾನು ಮೂರು ಲೇಖನ ಬರೆದಿದ್ದೆ. ಒಂದು ಉಪ್ಪಿನ ರಸಾಯನಶಾಸ್ತ್ರದ ಬಗ್ಗೆ. ಇನ್ನೊಂದು, ಬಾವಿ ಅಷ್ಟು ಸಿಹಿಯಾಗಿದ್ದರೆ ಮಠಕ್ಕೆ ದಿನಾ ಟ್ಯಾಂಕರ್ ಏಕೆ ಬರುತ್ತದೆ ಎಂಬ ಬಗ್ಗೆ. ಮೂರನೆಯದನ್ನು ಬರೆಯುವಾಗ ನನಗೆ ಆದ ಸುಖ ಹೇಳತೀರದು. ಅದು ಆ ಅನಾಮಿಕ ಲೇಖಕನ ಶೈಲಿಯ ಬಗ್ಗೆ. "ಬೆತ್ತ ತಾಗಿದೊಡನೆ ಬಾವಿಯು ತವರಿಗೆ ಬಂದ ಮಗಳಂತೆ ಉಕ್ಕಿ ಉಕ್ಕಿ ಅತ್ತಿತು" ಎಂದು ಅವನು ಬರೆದಿದ್ದ. ಅತ್ತ ಮೇಲೆ ನೀರು ಇನ್ನಷ್ಟು ಉಪ್ಪಾಗಬೇಕಲ್ಲ ಮಹಾರಾಯರೇ? ಈ ಲೇಖಕನಿಗೆ ನೀರೂ ಗೊತ್ತಿಲ್ಲ, ಕಣ್ಣೀರೂ ಗೊತ್ತಿಲ್ಲ ಎಂದು ಮುಗಿಸಿದ್ದೆ.

ಇದಕ್ಕೆ ಮಠದವರು ನೀರು ಸಿಹಿಯೇ ಎಂದು ವಾದಿಸಬಹುದಿತ್ತು. ಒಂದು ತಂಬಿಗೆ ಕಳಿಸಿಕೊಡಬಹುದಿತ್ತು. ಅದು ಬಿಟ್ಟು, ಆ ಪುಟಗಳು ನಮ್ಮವು, ಕೆಳಗಿಳಿಸಿ ಎಂದರು. ಸಾರಿಗೆ ಉಪ್ಪು ಹೆಚ್ಚಾಗಿದೆ ಎಂದವನಿಗೆ, ಪಾತ್ರೆ ನಮ್ಮದು, ಕೆಳಗಿಡು ಎಂದಂತೆ. ನಮ್ಮ ದೊಡ್ಡವ್ವ ಹೀಗೆಯೇ ಉತ್ತರ ಕೊಡುತ್ತಿದ್ದಳು ಎಂದು ಬರೆಯಲು ಹೊರಟಿದ್ದೆ, ತಡೆದೆ. ಅವಳ ಸಾರಿಗೆ ಉಪ್ಪು ಹೆಚ್ಚಾದದ್ದು ನನಗೆ ನೆನಪಿಲ್ಲ. ಲೇಖಕರಿಗೆ ಹೋಲಿಕೆ ಬೇಕಾದಾಗಲೆಲ್ಲ ತೀರಿಹೋದ ಬಂಧುಗಳು ಎದ್ದು ಬಂದು ಅಡುಗೆ ಕೆಡಿಸುತ್ತಾರೆ.

ಖುಷಿ ಸಂಜೆಯ ಹೊತ್ತಿಗೆ ಇಳಿಯಿತು. ಜಾಲತಾಣದಲ್ಲಿದ್ದ ಬರಹಗಳ ಬೇರೆ ಪ್ರತಿ ನನ್ನ ಹತ್ತಿರ ಇರಲಿಲ್ಲ. ಮೈಮೇಲೆ ದೇವರು ಬಂತೆಂದು ಬೇವಿನ ಬರಲಿನಿಂದ ಹೊಡೆಸಿಕೊಂಡ ಹೆಂಗಸರು, ಜಾತಕದ ನೆಪದಲ್ಲಿ ಮನೆಯಲ್ಲೇ ಉಳಿದ ಹುಡುಗಿಯರು ನನ್ನನ್ನು ನಂಬಿ ಹೇಳಿದ ಮಾತುಗಳು ಅಲ್ಲಿದ್ದವು. ಅವರಲ್ಲಿ ಕೆಲವರು ಈಗ ಇಲ್ಲ. ಬೆಲ್ಲದ ವ್ಯಾಪಾರಿಗಳನ್ನು ನಗೆಯಾಡಲು ಹೋಗಿ ಅವರ ಮಾತುಗಳನ್ನು ಕಳೆಯಬೇಕೆ?

ಮರುದಿನ ರಜೆ ಹಾಕಿ ನವಲಗುಂದದ ಕೋರ್ಟಿಗೆ ಹೋದೆ. ಅಲ್ಲಿ ವಕೀಲಿ ಮಾಡುವ ಶಿವಲೀಲಾ ನನ್ನ ಹಳೆಯ ವಿದ್ಯಾರ್ಥಿನಿ. ಇ-ಮೇಲ್ ಓದಿ, ಕನ್ನಡಕ ಹಣೆಗೇರಿಸಿ, "ಸರ, ಟೀಕಾ ಮಾಡಾಕ ನಾಕು ಸಾಲು ಎತ್ತಿ ಹಾಕಿದ್ರ ಕಾಯದೆ ನಿಮ್ಮ ಬಾಜೂನ ಐತಿ. ನೀವು ಆರೂ ಪುಟ ಹಾಕೀರಿ. ವಾದ ಮಾಡಬಹುದು, ಆದ್ರ ಎಳೀತೈತಿ. ಪರೀಕ್ಷಾದಾಗ ನಾವು ಇಡೀ ಪಾಠ ಇಳಿಸಿದ್ರ ನೀವ ಹೊಡೀತಿದ್ರಿ" ಎಂದಳು.

"ನಾ ಯಾರಿಗೂ ಹೊಡದಿಲ್ಲವ್ವಾ."

"ನಿಮಗ ನೆನಪಿಲ್ಲ. ನನಗ ಐತಿ" ಎಂದು ಎಡಗೈ ಒಮ್ಮೆ ನೋಡಿಕೊಂಡು, "ಇರ್ಲಿ ಬಿಡ್ರಿ. ಈ ಪುಟ ಬರದವರು ಯಾರು? ಹೆಸರಿಲ್ಲ. ಪುಕ್ಕಟೆ ಬರದು, ಮಠಕ್ಕ ಹಕ್ಕು ಬಿಟ್ಟುಕೊಟ್ಟೀನಿ ಅಂತ ಸಹಿ ಮಾಡಿದ್ದಿಲ್ಲಂದ್ರ ಹಕ್ಕು ಬರದವರದ. ಆ ಮನಷ್ಯಾನ್ನ ಹುಡುಕ್ರಿ. ಅಂವ ‘ನನ್ನ ಒಪ್ಪಿಗಿ ಐತಿ’ ಅಂತ ಒಂದು ಸಾಲು ಬರದುಕೊಟ್ರ ಮಠದವರ ತಕರಾರು ಅಲ್ಲೇ ಬೀಳತೈತಿ" ಎಂದಳು.

ಆ ಮನುಷ್ಯನನ್ನು ಎಲ್ಲಿ ಹುಡುಕುವುದೆಂದು ಮನೆಗೆ ಬಂದು ತಲೆಗೆ ಕೈ ಹಚ್ಚಿ ಕುಳಿತೆ. ಗಿರಿಜಾ ಶೇಂಗಾ ಹುರಿಯುತ್ತ, "ಹುಡುಕೂದು ಯಾಕ? ಅದನ್ನ ನೀವ ಬರದೀರಲ್ಲ" ಎಂದಳು.

"ನಾನು?"

"ಹೌದ್ರಿ. ನಾ ಬಾಣಂತನಕ್ಕ ತವರಿಗೆ ಹೋದಾಗ, ಆರು ಪುಟ ಹಿಡಕೊಂಡು ಬಸ್ ಹತ್ತಿ ಬಂದು ನನಗ ಓದಿ ತೋರಿಸಿದ್ರಿ. ‘ತವರಿಗೆ ಬಂದ ಮಗಳು’ ಅನ್ನೂದು ನಿನ್ನ ಮ್ಯಾಲನ ಬರದೀನಿ ಅಂದಿದ್ರಿ. ನಾ ಅತ್ತಿದ್ದು ಹೊಟ್ಟಿಶೂಲಿಗೆ."

"ಮೂರನೇ ಲೇಖನದಾಗ ಅದನ್ನ ಅಷ್ಟು ಬೈದೆ. ಆವಾಗ ಯಾಕ ಹೇಳಲಿಲ್ಲ?"

"ನನಗೂ ಆ ಸಾಲು ಸೇರಿದ್ದಿಲ್ಲ. ಯಾರೋ ಒಬ್ಬರು ಬೈದ್ರಲ್ಲ ಅಂತ ಸಮಾಧಾನ ಆತು."

ನನ್ನ ನೆನಪಿನಲ್ಲಿರುವ ಆ ಕಾಲದ ನಾನು ಬೆಂಕಿಯಂಥ ವಿಚಾರವಾದಿ, ಮಠದ ಹೊಸ್ತಿಲು ತುಳಿಯದವನು. ಆದರೆ ನಮ್ಮ ಕಡೆಯ ಪದ್ಧತಿ ನನಗೆ ಗೊತ್ತಿದೆ. ಮಠದಿಂದ ಸಂಚಿಕೆ ಹೊರಡುತ್ತದೆಂದರೆ ಊರಿನ ಕನ್ನಡ ಮಾಸ್ತರ ಮನೆಗೆ ಒಂದು ಬಣ್ಣದ ಫೈಲು ಬರುತ್ತದೆ. ಅಜ್ಜಾರ ಆಶೀರ್ವಚನ, ಅಧ್ಯಕ್ಷರ ಎರಡು ಮಾತು, ದಾನಿಗಳ ಹಿತನುಡಿ ಎಲ್ಲವನ್ನೂ ಮಾಸ್ತರನೇ ಬರೆಯಬೇಕು, ಸಹಿ ಅವರವರದು. ಪ್ರತಿಯಾಗಿ ಶಾಲು, ಕಾಯಿ, ಹೊಟ್ಟೆ ತುಂಬ ಗೋಧಿ ಹುಗ್ಗಿ. ಮಾಸ್ತರನ ಹೆಸರು ಹಾಕಬೇಕೆಂದು ಮಠಕ್ಕೂ ಹೊಳೆಯುವುದಿಲ್ಲ, ಮಾಸ್ತರನಿಗೂ ಹೊಳೆಯುವುದಿಲ್ಲ. ಒಂದೇ ಆಸೆ ಉಳಿದಿತ್ತು: ನಾನು ಸಾದಾ ಚರಿತ್ರೆ ಬರೆದಿರಬೇಕು, ಬೆತ್ತ-ಬೆಲ್ಲವನ್ನು ಆಮೇಲೆ ಮಠದವರು ತುರುಕಿರಬೇಕು. ಅದನ್ನು ನೋಡಲೆಂದೇ ಮಠಕ್ಕೆ ಹೋದೆ.

ಮಠದ ಕಮಿಟಿಯ ಕಾರ್ಯದರ್ಶಿ ಈರಪ್ಪಣ್ಣ. ಬೀಜ-ಗೊಬ್ಬರದ ಅಂಗಡಿಯವರು. ನನ್ನನ್ನು ಕಂಡು ಬೀಗರು ಬಂದಂತೆ ಎದ್ದರು. "ಬರ್ರಿ ಮಾಸ್ತರ! ಮೊದಲ ಪ್ರಸಾದ, ಆಮ್ಯಾಲ ಜಗಳ. ಹಸದ ಹೊಟ್ಟ್ಯಾಗ ಬೈದ್ರ ದನಿ ಏಳೂದಿಲ್ಲ." ಜಮಖಾನದ ಮೇಲೆ ಕೂರಿಸಿ ತಾವೇ ಹುಗ್ಗಿ ಬಡಿಸಿದರು. ಮೇಲೆ ತುಪ್ಪ ಹಾಕುವ ಕೈಯನ್ನು ನೋಡುತ್ತ ಖಂಡನೆ ಮಾಡುವುದು ಎಷ್ಟು ಕಷ್ಟವೆಂದು ಮಾಡಿದವರಿಗೇ ಗೊತ್ತು. ಆದರೂ ಎರಡನೆಯ ಸೌಟಿನ ಹೊತ್ತಿಗೆ ಕೇಳಿದೆ: "ನಾ ಕೇಳಿದ್ದಕ್ಕ ಉತ್ತರ ಕೊಡೂದ ಬಿಟ್ಟು ಕಾಪಿರೈಟ್ ಯಾಕ ತಂದ್ರಿ?"

"ಅದು ನಮ್ಮ ಸೊಸಿ ತಲಿ. ಕಂಪ್ಯೂಟರ್ ಕಲತಾಳ. ‘ಮಾವಾರ, ನೀರು ಸಿಹಿ ಐತಿ ಅಂತ ಸಿದ್ಧ ಮಾಡೂದು ಕಷ್ಟ, ಪುಟ ನಮ್ದು ಅನ್ನೂದು ಹಗರ’ ಅಂದ್ಲು."

"ಅಂದ್ರ ನನ್ನ ಪ್ರಶ್ನಿಗೆ ಉತ್ತರ ಇಲ್ಲ?"

"ಉತ್ತರ ಇದ್ದಿದ್ರ ನೋಟಿಸ್ ಯಾಕ ಬೇಕಾಗಿತ್ತು ಮಾಸ್ತರ? ಹುಗ್ಗಿ ಹಾಕ್ಲಿ ಇನ್ನೊಂದೀಟು?"

ಇಷ್ಟು ಪ್ರಾಮಾಣಿಕ ಎದುರಾಳಿಯ ಜೊತೆ ಜಗಳ ಮುಂದುವರಿಯುವುದು ಹೇಗೆ? ಪುಟಗಳನ್ನು ಬರೆದವನು ನಾನೇ ಇರಬಹುದೆಂದು ಮೆಲ್ಲಗೆ ಹೇಳಿದೆ. ಈರಪ್ಪಣ್ಣ ಒಳಗೆ ಹೋಗಿ, ಅರಿವೆಯಲ್ಲಿ ಸುತ್ತಿದ ಹಳೆಯ ಗಂಟು ತಂದು ಬಿಚ್ಚಿದರು. ಆರು ಹಾಳೆ. ಅಕ್ಷರ ನನ್ನದೇ. ಬೆತ್ತವೂ ಇತ್ತು, ಅಳುವ ಬಾವಿಯೂ ಇತ್ತು, ಬೆಲ್ಲದ ವ್ಯಾಪಾರಿಗಳೂ ಇದ್ದರು. ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಆಗಿನ ಅಜ್ಜಾರು ಬರೆದಿದ್ದರು. ಅವರೀಗ ಇಲ್ಲ. "ಇಷ್ಟು ಬ್ಯಾಡ. ಹಿರಿಯರು ಬಾವಿ ತೋಡಿಸಿದರು, ಸವಳ ಬಂತು, ನಕ್ಕರು. ಎತ್ತಿನ ಮೈ ತೊಳಿಯಾಕ ಆತು ಅಂದರು. ಅಷ್ಟ ಬರೀರಿ." ಅದರ ಕೆಳಗೆ, ನನ್ನ ಕೈಬರಹದಲ್ಲಿ, ಎರಡು ಗೆರೆ ಎಳೆದು: "ಪೂಜ್ಯರೇ, ಜನಕ್ಕೆ ಇದು ಸಾಲದು."

ಮೂಢನಂಬಿಕೆಯ ಮೂಲ ಹುಡುಕಿ ಒಂಬತ್ತು ವರ್ಷ ತಿರುಗಿದವನಿಗೆ ಒಂದು ಮೂಲವಂತೂ ಸಿಕ್ಕಿತು. ಈರಪ್ಪಣ್ಣ ಹಾಳೆಗಳ ಫೋಟೋ ತೆಗೆದುಕೊಳ್ಳಲು ತಾವಾಗಿಯೇ ಒಪ್ಪಿದರು. ಬೆಳಕು ಚೆನ್ನಾಗಿ ಬೀಳಲೆಂದು ಕಿಟಕಿಯನ್ನೂ ತೆಗೆದರು. ಆ ಉದಾರತೆಯ ಬಗ್ಗೆ ನನಗೆ ಅಲ್ಲೇ ಅನುಮಾನ ಬರಬೇಕಿತ್ತು. ಹುಗ್ಗಿ ಬುದ್ಧಿಯನ್ನು ಮಂದ ಮಾಡುತ್ತದೆ.

ಶಿವಲೀಲಾ ಉತ್ತರ ತಯಾರಿಸಿದಳು. "ಮೇಲ್ಕಂಡ ಕೃತಿಯ ಕರ್ತೃ ನಾನೇ ಎಂದು ಪ್ರಮಾಣಪೂರ್ವಕವಾಗಿ" ಎಂಬಲ್ಲಿ ನನ್ನ ಪೆನ್ನು ನಿಂತಿತು. ಸಹಿ ಹಾಕಿದರೆ ಊರಿಗೆಲ್ಲ ನಗೆ. ಹಾಕದಿದ್ದರೆ ಆ ಹೆಂಗಸರ ಮಾತು ಮಣ್ಣು. ಹಾಕಿದೆ. ವಾರದಲ್ಲಿ ಜಾಲತಾಣ ಸುರಕ್ಷಿತವಾಯಿತು, ಮೂರೂ ಲೇಖನ ಮರಳಿ ಬಂದವು. ಮೂರನೆಯದರ ತಲೆಯ ಮೇಲೆ ನಾನೇ ಒಂದು ಸಾಲು ಸೇರಿಸಿದೆ: "ನೀರೂ ಕಣ್ಣೀರೂ ಗೊತ್ತಿಲ್ಲದ ಆ ಲೇಖಕ ನಾನು."

ಮುಂದಿನ ತಿಂಗಳು ಮಠದ ಬಾವಿಯ ಪಕ್ಕ ಕರಿಕಲ್ಲಿನ ಫಲಕವೊಂದು ಎದ್ದಿತು. ಅದರ ಮೇಲೆ ಬೆತ್ತದಿಂದ ಬೆಲ್ಲದವರೆಗಿನ ನನ್ನ ಸಾಲುಗಳು; ಕೆಳಗೆ ದಪ್ಪ ಅಕ್ಷರದಲ್ಲಿ ನನ್ನ ಹೆಸರು, ಹೆಸರಿನ ಮುಂದೆ "ಖ್ಯಾತ ವಿಚಾರವಾದಿಗಳು". ನಾನು ಫೋನು ಮಾಡಿ ಕೂಗಾಡಿದರೆ ಈರಪ್ಪಣ್ಣ, "ಹೆಸರು ಬಿಟ್ಟಿದ್ದು ನಮ್ದ ತಪ್ಪಾಗಿತ್ತಲ್ರಿ, ತಿದ್ದಿಕೊಂಡ್ವಿ. ಈಗ ಯಾರರ ಅನುಮಾನ ಪಟ್ರ, ದೇವರನ್ನ ನಂಬದ ಮಾಸ್ತರ ಬರದು ಸಹಿ ಮಾಡ್ಯಾರ, ಇನ್ನೇನ ಬೇಕ್ರಪಾ ಅಂತೀನಿ" ಎಂದರು.

ಶಿವಲೀಲಾಳಿಗೆ ಖುಷಿಯೋ ಖುಷಿ. "ನಿಮ್ಮ ಬರಹ, ನಿಮ್ಮ ಒಪ್ಪಿಗಿ ಇಲ್ಲದ ಕೆತ್ಸ್ಯಾರ. ಕಲ್ಲು ತಗೀರಿ ಅಂತ ನೋಟಿಸ್ ಕೊಡೂಣು ಸರ."

"ಆ ಕತಿ ಸುಳ್ಳು ಅಂತ ಬರಿಯವ್ವ."

"ಅದನ್ನ ಬರಿಯಾಕ ಈ ಕಾಯದೆದಾಗ ಜಾಗಾ ಇಲ್ರಿ. ಅದು ನಿಮ್ದು ಅಂತ ಅಷ್ಟ ಬರೀಬಹುದು."

ಆ ನೋಟಿಸನ್ನು ಜೇಬಿನಲ್ಲಿಟ್ಟುಕೊಂಡು, ಸಹಿ ಹಾಕುವ ಮೊದಲು ಫಲಕವನ್ನೊಮ್ಮೆ ನೋಡೋಣವೆಂದು ಹೋದೆ. ಪರವೂರಿನ ಗಂಡ-ಹೆಂಡತಿ ಬಾವಿಕಟ್ಟೆಯ ಮೇಲಿದ್ದರು. ಹೆಂಗಸು ಬೊಗಸೆಯಲ್ಲಿ ನೀರು ತೆಗೆದುಕೊಂಡು ಕುಡಿದು, ಮುಖ ಕಿವುಚಿ, "ಥೂ, ಸವಳ ಐತಿ" ಎಂದಳು. ಗಂಡ ಫಲಕದತ್ತ ಕೈ ಮಾಡಿ, "ಅದನ್ನ ಓದಿ ಮಾತಾಡಬೇ" ಎಂದ. ಅವಳು ಸೆರಗು ಸರಿಪಡಿಸಿಕೊಂಡು ನಿಧಾನವಾಗಿ ಓದಿದಳು. ತವರಿಗೆ ಬಂದ ಮಗಳ ಹತ್ತಿರ ಬಂದಾಗ ಅವಳ ದನಿ ತುಸು ನಡುಗಿತು. ಮತ್ತೊಂದು ಬೊಗಸೆ ಕುಡಿದಳು. "ಹೌದಂತೀನಿ" ಎಂದಳು, "ಹಿಂದಾಗಡೆ ಒಂಚೂರು ಸಿಹಿ ಹತ್ತತೈತಿ."

ಜೇಬಿಗೆ ಕೈ ಹಾಕಿದೆ. ನೋಟಿಸು ಇತ್ತು, ಪೆನ್ನೂ ಇತ್ತು. ಆದರೆ ನನ್ನ ಒಂದು ಸಾಲು ಓದಿ ಯಾರಾದರೂ ತಮ್ಮ ನಾಲಿಗೆಯನ್ನೇ ತಿದ್ದಿಕೊಂಡದ್ದು, ಒಂಬತ್ತು ವರ್ಷ ಸತ್ಯ ಬರೆದರೂ, ಒಮ್ಮೆಯೂ ಆಗಿರಲಿಲ್ಲ.